ಕೀಲಿಯೂ ಕೀಲಿಕೈಯೂ: ರೋಗಿಯ ವೃತ್ತಾಂತವನ್ನು ಇಮೇಲಿನಲ್ಲಿ ಕಳುಹಿಸುವ ಬಗೆ

ತುಂಗಭದ್ರೆಯ ಎಡದಂಡೆಯ ಸೀಮೆಯಲ್ಲಿರುವ ಸಾಣಾಪುರದಿಂದ ಜಟಿಲವಾದ ವ್ಯಾಧಿಯುಳ್ಳವನೊಬ್ಬನು ಚಿಕಿತ್ಸೆಗೆ ಹೊರಟರೆ ಮೊದಲು ಗಂಗಾವತಿ, ತರುವಾಯ 2015ರಲ್ಲಿ ಆರಂಭವಾದ ಕೊಪ್ಪಳದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆ, ಅಲ್ಲಿಯೂ ಸಾಲದಾದರೆ ಹೊಳೆ ದಾಟಿ ಬಳ್ಳಾರಿ. ಅವನಿಗಿಂತ ಮುಂಚೆಯೇ ಅವನ ವರದಿಗಳು ಮುಂದಿನ ವೈದ್ಯರನ್ನು ತಲುಪಿದರೆ ಪರೀಕ್ಷೆಗಳನ್ನು ಮರಳಿ ಮಾಡಬೇಕಾಗದು. ಇಮೇಲು ಇದಕ್ಕೆ ಒದಗುವ ಸಾಧನ. ಆದರೆ ಊರು ಚಿಕ್ಕದಾದಷ್ಟೂ ಗುಟ್ಟಿನ ಬೆಲೆ ಹೆಚ್ಚು. ಕ್ಷಯ, ಎಚ್‌ಐವಿ, ಮನೋರೋಗಗಳ ಸುದ್ದಿ ಹೊರಬಿದ್ದರೆ ಕೂಡಿಬಂದ ಮದುವೆಯೂ ಮುರಿಯಬಹುದು.

ಇಂದಿನ ಇಮೇಲ್ ಸೇವೆಗಳು ಒಂದು ಗಣಕದಿಂದ ಇನ್ನೊಂದಕ್ಕೆ ಸಾಗುವ ದಾರಿಯಲ್ಲಿ ಸಾಮಾನ್ಯವಾಗಿ ಪತ್ರವನ್ನು ಗೂಢಲಿಪಿಗೆ ತಿರುಗಿಸುತ್ತವೆ. ಇದು ಅಂಚೆಚೀಲಕ್ಕೆ ಮೊಹರು ಹಾಕಿದಂತೆ. ಒಳಗಿರುವುದು ಮಾತ್ರ ಕಾರ್ಡು. ಚೀಲ ಬಿಚ್ಚಿದ ಕಚೇರಿಯಲ್ಲಿ ಅದನ್ನು ಓದಬಹುದು. ಪತ್ರವನ್ನೇ ಮುಚ್ಚಬೇಕಾದರೆ ಬೇರೆಯ ಉಪಾಯ ಬೇಕು.

ಆ ಉಪಾಯವನ್ನು 1976ರಲ್ಲಿ ಡಿಫಿ ಮತ್ತು ಹೆಲ್‌ಮನ್ ಎಂಬ ವಿದ್ವಾಂಸರು ಪ್ರಕಟಿಸಿದರು. ಅದನ್ನು 'ಸಾರ್ವಜನಿಕ ಕೀಲಿ' ಎಂದು ಕರೆಯುವುದು ರೂಢಿ. ಮೈಸೂರಿನ ಕಡೆಯ ವಾಚಕರಿಗೆ ಈ ಹೆಸರು ಗೊಂದಲವನ್ನುಂಟುಮಾಡೀತು. ಕೊಪ್ಪಳದ ಕಡೆಯವರಿಗೆ ಹಾಗಾಗದು. ಅವರ ಮಾತಿನಲ್ಲಿ ಕೀಲಿಯೆಂದರೆ ಬೀಗ, ಅದನ್ನು ತೆರೆಯುವುದು ಕೀಲಿಕೈ. ಬಳ್ಳಾರಿಯ ವೈದ್ಯರು ತಮ್ಮ ಕೀಲಿಯನ್ನು ಕೇಳಿದವರಿಗೆಲ್ಲ ಹಂಚಬಹುದು. ಗಂಗಾವತಿಯವರು ಅದನ್ನು ಪತ್ರಕ್ಕೆ ಹಾಕಿ ಅಮುಕಿದ ಮೇಲೆ ಅವರಿಗೂ ಅದು ತೆರೆಯದು. ಕೀಲಿಕೈ ಬಳ್ಳಾರಿಯಲ್ಲಿ ಮಾತ್ರ. ಶಾಸ್ತ್ರದ ಪರಿಭಾಷೆಗಿಂತ ಸೀಮೆಯ ಆಡುನುಡಿಯೇ ಇಲ್ಲಿ ಹೆಚ್ಚು ನಿಖರವೆಂದು ನಮಗೆ ತೋರುತ್ತದೆ.

ಇಷ್ಟಾದರೂ ಮೋಸಕ್ಕೆ ಎಡೆಯುಂಟು. ಬಂದ ಕೀಲಿಯು ಆ ವೈದ್ಯರದೇ ಹೌದೆಂಬುದನ್ನು ಮೊದಲ ಸಲವಾದರೂ ಪರಿಚಿತ ದೂರವಾಣಿಯಲ್ಲಿ ವಿಚಾರಿಸಿಕೊಳ್ಳಬೇಕು. ಇಮೇಲಿನ ವಿಷಯಸೂಚಿಯ ಸಾಲು ಸಾಮಾನ್ಯವಾಗಿ ಮುಚ್ಚಿಹೋಗುವುದಿಲ್ಲ. ಅಲ್ಲಿ ರೋಗಿಯ ಹೆಸರನ್ನೂ ರೋಗವನ್ನೂ ಬರೆದರೆ ಲಕೋಟೆಯ ಮೇಲೆಯೇ ಗುಟ್ಟನ್ನು ಬರೆದಂತಾಯಿತು. 2021ರಲ್ಲಿ ದೇಶಾದ್ಯಂತ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ಇಮೇಲನ್ನು ಆಶ್ರಯಿಸದೆ, ರೋಗಿಯ ಸಮ್ಮತಿ ದೊರೆತ ಮೇಲೆ ದಾಖಲೆಗಳನ್ನು ಗೂಢಲಿಪಿಯಲ್ಲಿ ರವಾನಿಸುವ ಏರ್ಪಾಡನ್ನು ಮಾಡಿದೆ.

ಸರ್ಕಾರಿ ಆಸ್ಪತ್ರೆಗಳಲ್ಲಿ ಇನ್ನೊಂದು ತೊಡಕು ವರ್ಗಾವಣೆಯದು. ಕೀಲಿಕೈ ವೈದ್ಯರ ಸ್ವಂತ ಗಣಕದಲ್ಲಿದ್ದರೆ ಅವರೊಡನೆ ಅದೂ ಹೊರಟುಹೋಗುತ್ತದೆ. ಮರುದಿನ ಬಂದ ರೋಗಿಯ ಪತ್ರವನ್ನು ತೆರೆಯುವವರಿಲ್ಲ. ಆದಕಾರಣ ಕೀಲಿಯು ವ್ಯಕ್ತಿಯದಾಗಿರದೆ ವಿಭಾಗದ್ದಾಗಿರಬೇಕು. ಅಧಿಕಾರ ವಹಿಸಿಕೊಡುವಾಗ ಕಪಾಟಿನ ಕೀಲಿಕೈಗಳನ್ನು ಪಟ್ಟಿಮಾಡಿ ರುಜು ಹಾಕುವ ಪದ್ಧತಿಯುಂಟಷ್ಟೆ. ಆ ಪಟ್ಟಿಯಲ್ಲಿ ಇದಕ್ಕೂ ಒಂದು ಸಾಲು ಬೇಕು.