ಕೊಡಗು = ಕೊಡಗು? ಕಂಪ್ಯೂಟರ್ ‘ಇಲ್ಲ’ ಅನ್ನುತ್ತೆ!

ಈ ಎರಡು ‘ಕೊಡಗು’ ನೋಡಿ.
ಒಂದೇ ಥರ ಇವೆ, ಅಲ್ವಾ?
ಪೈಥಾನ್‌ನಲ್ಲಿ ನಡುವೆ ಡಬಲ್ ಈಕ್ವಲ್ಸ್ ಹಾಕಿದ್ರೆ…
ಉತ್ತರ: ಫಾಲ್ಸ್!

ಯಾಕೆ?
ತಕರಾರೆಲ್ಲ ಆ ‘ಕೊ’ದಲ್ಲಿ.
ಯೂನಿಕೋಡ್‌ನಲ್ಲಿ ಅದರ ಒತ್ವಕ್ಕೆ ತನ್ನದೇ ಒಂದು ಸಂಕೇತ ಇದೆ.
ಆದ್ರೆ ಎತ್ವ, ಕೊಂಬಿನ ಇಳಿ ಅನ್ನೋ
ಎರಡು ಸಂಕೇತ ಸೇರಿಸಿದ್ರೂ ಕಾಣೋದು ಅದೇ.

ನೂರರ ಒಂದು ನೋಟು,
ಐವತ್ತರ ಎರಡು ನೋಟು.
ನಮಗೆ ಬೆಲೆ ಒಂದೇ.
ಕಂಪ್ಯೂಟರ್ ಎಣಿಸೋದು ನೋಟನ್ನ!
ಒಂದು ‘ಕೊಡಗು’ವಿನಲ್ಲಿ 5 ಸಂಕೇತ, ಇನ್ನೊಂದರಲ್ಲಿ 6.

ಗೋಣಿಕೊಪ್ಪದವರಿಗಂತೂ ಡಬಲ್ ಕಷ್ಟ:
‘ಗೋ’ನೂ ಇದೆ, ‘ಕೊ’ನೂ ಇದೆ.
ಊರು ಪಟ್ಟಿಯಲ್ಲಿದ್ರೂ
ಹುಡುಕಿದ್ರೆ ಸಿಗದೇ ಹೋಗಬಹುದು.

ಪರಿಹಾರ ಸುಲಭ.
ಹೋಲಿಸೋ ಮುಂಚೆ ಎರಡನ್ನೂ ನಾರ್ಮಲೈಸ್ ಮಾಡಿ,
ಅಂದ್ರೆ ಯೂನಿಕೋಡ್‌ನ ಎನ್‌ಎಫ್‌ಸಿ ಅನ್ನೋ ಒಂದೇ ರೂಪಕ್ಕೆ ತನ್ನಿ.
ಈಗ ನೋಡಿ: ಟ್ರೂ!

ಕನ್ನಡ ಹೆಸರು ತಗೊಳ್ಳೋ ಆ್ಯಪ್ ಬರೀತಿದ್ದೀರಾ?
ನಾರ್ಮಲೈಸ್ ಮಾಡೋ ಈ ಒಂದು ಸಾಲು ಮೊದಲೇ ಸೇರಿಸಿಬಿಡಿ.