ಮದುವೆ ಮನೆಗೆ ಮಳೆರಾಯ ಬಂದಾಗ

ಮಲೆನಾಡಿನಲ್ಲಿ ಮದುವೆಯ ದಿನ ಗೊತ್ತುಮಾಡುವವರು ಇಬ್ಬರು. ಒಬ್ಬರು ಪುರೋಹಿತರು, ಇನ್ನೊಬ್ಬ ಮಳೆರಾಯ. ಪುರೋಹಿತರ ಮನೆಗೆ ನಾವೇ ಕೇಳಿಕೊಂಡು ಹೋಗುತ್ತೇವೆ. ಮಳೆರಾಯ ಕೇಳದೆಯೇ ಬರುತ್ತಾನೆ. ಕರೆಯೋಲೆ ಇಲ್ಲದೆ ಬಂದು, ಎಲ್ಲರಿಗಿಂತ ಮೊದಲು ಚಪ್ಪರ ಸೇರಿ, ಎಲ್ಲರಿಗಿಂತ ಕೊನೆಗೆ ಹೊರಡುವ ನೆಂಟ ಅವನೊಬ್ಬನೇ.

ಇದರಲ್ಲಿ ನಮ್ಮ ಕಸುಬಿನ ಪಾಲೂ ಇದೆ. ಅರೇಬಿಕಾ ಕೊಯ್ಲು ಮುಗಿದು, ರೊಬಸ್ಟಾ ಮುಗಿದು, ಅಡಿಕೆ ಮಂಡಿಗೆ ಹೋಗಿ ಕೈಯಲ್ಲಿ ನಾಲ್ಕು ಕಾಸು ಕಾಣುವುದು ಬೇಸಿಗೆಯಲ್ಲಿ. ಮಕ್ಕಳಿಗೆ ಶಾಲೆಯ ರಜೆಯೂ ಆಗಲೇ. ಆದ್ದರಿಂದ ಬೆಳೆಗಾರರ ಮನೆಯ ಮದುವೆಗಳೆಲ್ಲ ಏಪ್ರಿಲ್, ಮೇ ತಿಂಗಳಿಗೆ ಬಂದು ನಿಲ್ಲುತ್ತವೆ. ಅಷ್ಟರಲ್ಲಿ ಭರಣಿ ಕಳೆದು ಕೃತ್ತಿಕೆ ಮಳೆ ಬಾಗಿಲಲ್ಲಿರುತ್ತದೆ. ಹೂಮಳೆ ತಡವಾದರೆ ಆಕಾಶಕ್ಕೆ ಕೈಮುಗಿಯುವವರೂ ನಾವೇ, ಚಪ್ಪರದ ಮೇಲೆ ನಾಲ್ಕು ಹನಿ ಬಿದ್ದರೆ ಅದೇ ಆಕಾಶವನ್ನು ಬೈಯುವವರೂ ನಾವೇ.

2025ರಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ವಾಡಿಕೆಯಂತೆ ಜೂನ್ 1ಕ್ಕೆ ಕೇರಳ ಮುಟ್ಟಬೇಕಾದ ಮುಂಗಾರು ಮೇ 24ಕ್ಕೇ ಬಂತು. ಆ ವಾರ ಕೊಪ್ಪದ ಕಡೆಯ ಒಂದು ಮನೆಯಲ್ಲಿ ಮದುವೆ. ಕಾಫಿ ಕಣದಲ್ಲಿ ಆರುನೂರು ಜನಕ್ಕೆ ಚಪ್ಪರ. ಹಿಂದಿನ ರಾತ್ರಿಯ ಗಾಳಿಗೆ ಸಿಲ್ವರ್ ಮರವೊಂದು ರಸ್ತೆಗೆ ಅಡ್ಡಬಿತ್ತು, ಕರೆಂಟು ಹೋಯಿತು, ಬೆಳಗಾಗುವಷ್ಟರಲ್ಲಿ ಚಪ್ಪರದ ಅರ್ಧಭಾಗ ನೆಲದ ಮೇಲಿತ್ತು. ಹೆಣ್ಣಿನ ತಂದೆ ಜಗಲಿಯ ಕಂಬ ಹಿಡಿದು ನಿಂತವರು ಮಾತೇ ಆಡಲಿಲ್ಲ. ಎರಡು ಫಸಲಿನ ಹಣ ಕೂಡಿಸಿ ಮಾಡಿದ ಕೆಲಸ. ಅದಕ್ಕಿಂತ ಹೆಚ್ಚಾಗಿ ಮನೆಯ ಮರ್ಯಾದೆ. ಮದುವೆಯ ದಿನ ಬಾಯಿ ಜಾರಿದ ಒಂದು ಮಾತಿನಿಂದ ಮೂವತ್ತು ವರ್ಷ ಬೀಗರ ನಡುವೆ ಹೋಗಿಬರುವುದು ನಿಂತ ಮನೆಗಳು ನಮ್ಮಲ್ಲಿ ಇಲ್ಲವೆ?

ದಿಬ್ಬಣದ ಬಸ್ಸು ಮರದ ಆಚೆಯೇ ನಿಂತಿತು. ಪಕ್ಕದ ತೋಟದವರು ತಮ್ಮ ಪಿಕಪ್ ತಂದು ಮದುಮಗನನ್ನೂ ಹಿರಿಯರನ್ನೂ ಒಳದಾರಿಯಲ್ಲಿ ಕರೆತಂದರು. ಹಿಂದಿನ ದಿನ ಅದೇ ಗಾಡಿ ಕೊಟ್ಟಿಗೆ ಗೊಬ್ಬರ ಹೊತ್ತಿತ್ತು. ತೊಳೆದಿದ್ದರೂ ವಾಸನೆ ತನ್ನ ಗುರುತು ಬಿಟ್ಟಿರಲಿಲ್ಲ. ಹೆಣ್ಣಿನ ತಂದೆ ಕೈಜೋಡಿಸಿ, “ಬೀಗರೇ, ನಿಮ್ಮನ್ನು ಹೀಗೆ ಕರೆಸಿಕೊಳ್ಳಬೇಕಾಯಿತಲ್ಲ” ಎಂದರು. ಗಂಡಿನ ಸೋದರಮಾವ ಕಂಬಳಿ ಕೊಪ್ಪೆ ಕೊಡವುತ್ತ ಇಳಿದು, “ಬೇಸರ ಯಾಕೆ ಬೀಗರೇ? ಮದುಮಗನೇ ಗೊಬ್ಬರದ ಗಾಡಿಯಲ್ಲಿ ಬಂದಿದ್ದಾನೆ. ಇನ್ನು ಇಳುವರಿಗೇನೂ ಕೊರತೆಯಿಲ್ಲ” ಎಂದರು. ಕಂಬ ಹಿಡಿದವರ ಕೈ ಸಡಿಲವಾದದ್ದು ಆಗ.

ಊಟದ ಪಂಕ್ತಿ ಗೋದಾಮಿಗೆ ಹೋಯಿತು. ಕುರ್ಚಿ ಸಾಲದೆ ಹಿರಿಯರನ್ನು ಕಾಫಿ ಮೂಟೆಗಳ ಮೇಲೆ ಕೂರಿಸಿದರು. ಅದೇ ಸೋದರಮಾವ ಮೂಟೆ ತಟ್ಟಿ ನೋಡಿ, “ಈಗಿನ ದರದಲ್ಲಿ ಇಷ್ಟು ಬೆಲೆಯ ಸೋಫಾ ಬೆಂಗಳೂರಿನ ಯಾವ ಕಲ್ಯಾಣ ಮಂಟಪದಲ್ಲೂ ಇಲ್ಲ” ಎಂದರಂತೆ. ಮಿಕ್ಸಿ ನಿಂತಿದ್ದರಿಂದ ಮೂಲೆ ಸೇರಿದ್ದ ಒರಳುಕಲ್ಲು ಮತ್ತೆ ಕೆಲಸಕ್ಕೆ ಬಂತು. ಪಲ್ಯದ ಮಸಾಲೆಗೆ ಬಂದ ಹೊಗಳಿಕೆ ಮದುಮಗಳ ಸೀರೆಗೂ ಬರಲಿಲ್ಲ.

ಇದನ್ನು ಕೇಳಿ ನಕ್ಕು ಬಿಡಬಹುದು. ಆದರೆ ಆ ನಗೆಯ ಕೆಳಗೆ ಎಷ್ಟು ಕೆಲಸ ನಡೆದಿತ್ತು ಎಂಬುದನ್ನೂ ನೋಡಬೇಕು. ಎಂಟು ಗಂಟೆಯೊಳಗೆ ನಾಲ್ಕು ಮನೆಯವರು ಮರ ಕೊಯ್ಯುವ ಯಂತ್ರ, ಟಾರ್ಪಾಲು, ಒಣಗಿದ ಸೌದೆ ತಂದಿದ್ದರು. ಮುಹೂರ್ತ ಮತ್ತು ಊಟ, ಇವೆರಡು ಆಗಲೇಬೇಕು. ಹೂವಿನ ಅಲಂಕಾರ, ವಾಲಗದ ಮೈಕು, ಮೇಲೆ ಹಾರಿಸುವ ಕ್ಯಾಮರಾ, ಇವು ಬಿಟ್ಟರೂ ಸರಿ ಎಂದು ಹಿರಿಯರೊಬ್ಬರು ವಿಂಗಡಿಸಿಕೊಟ್ಟರು. ಕೊಯ್ಲಿಗೆ ಮುಯ್ಯಾಳು ಕಳಿಸುತ್ತೇವೆ, ಮದುವೆಗೆ ಮುಯ್ಯಿ ಮಾಡುತ್ತೇವೆ. ಎರಡಕ್ಕೂ ಒಂದೇ ಮಾತು ಬಳಕೆಗೆ ಬಂದದ್ದು ಸುಮ್ಮನೆ ಅಲ್ಲ. ಕೈ ಕೆಲಸದಲ್ಲಿದ್ದವನ ಬಾಯಿಗೆ ಮಾತ್ರ ತಮಾಷೆ ಒಪ್ಪುತ್ತದೆ.

ಇನ್ನೊಂದು ವಿಷಯ. ನಗೆ ಬಿದ್ದದ್ದು ಮಳೆಯ ಮೇಲೆ, ಗಾಡಿಯ ಮೇಲೆ, ಮೂಟೆಯ ಮೇಲೆ. ಅಡಿಗೆಯವರ ಮೇಲೆ ಬೀಳಲಿಲ್ಲ, ಚಪ್ಪರ ಕಟ್ಟಿದವರ ಮೇಲೆ ಬೀಳಲಿಲ್ಲ. “ಪೇಟೆಯ ಮಂಟಪದಲ್ಲಿ ಮಾಡಿ ಎಂದು ನಾನು ಆಗಲೇ ಹೇಳಿದ್ದೆ” ಎನ್ನುವ ನೆಂಟರು ಪ್ರತಿ ಮದುವೆಯಲ್ಲೂ ಒಬ್ಬರಾದರೂ ಇರುತ್ತಾರೆ. ಅವರ ಕೈಗೆ ಬಡಿಸುವ ಸೌಟು ಕೊಡುವುದು ಉತ್ತಮ.

ಹಾಗೆ ನೋಡಿದರೆ ಕೆಟ್ಟ ದಿನವನ್ನು ಸುಧಾರಿಸಿಕೊಳ್ಳುವ ಪಾಠ ನಮ್ಮ ತೋಟದಲ್ಲೇ ಇದೆ. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡವೆಲ್ಲ ಬೆಳ್ಳಗಾಗುವ ದಿನವೇ ಕಾಫಿಯ ಮದುವೆಯ ದಿನ. ಅಂದೇ ಮಳೆ ಹೊಡೆದರೆ ಪರಾಗ ತೊಳೆದುಹೋಗುತ್ತದೆ. ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲ ಅರೇಬಿಕಾಕ್ಕೆ ಪೆಟ್ಟು ಕಡಿಮೆ. ಗಾಳಿಯನ್ನೂ ಜೇನನ್ನೂ ನಂಬಿದ ರೊಬಸ್ಟಾಕ್ಕೆ ಹೆಚ್ಚು. ಹಾಗೆಂದು ಗಿಡ ಕಿತ್ತವರುಂಟೆ? ಕಟ್ಟಿದಷ್ಟು ಕಾಯನ್ನು ಉಳಿಸಿಕೊಳ್ಳಲು ಗೊಬ್ಬರ, ನೆರಳು ನೋಡಿಕೊಳ್ಳುತ್ತೇವೆ.

ನಗಲಾರದ ದಿನಗಳೂ ಇವೆ, ಮರೆಯಬಾರದು. 2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ, 2019ರ ಆಗಸ್ಟಿನಲ್ಲಿ ಮೂಡಿಗೆರೆ ಕಡೆಯಲ್ಲಿ ಗುಡ್ಡ ಕುಸಿದು ಮನೆ, ತೋಟ ಕೊಚ್ಚಿಹೋದಾಗ ತಮಾಷೆಯ ಮಾತಿಗೆ ಜಾಗವಿರಲಿಲ್ಲ. ಆದರೂ ಕೊಡಗಿನಲ್ಲಿ ಪರಿಹಾರ ಕೇಂದ್ರ ಸೇರಿದ್ದ ಹೆಣ್ಣುಮಗಳ ಮದುವೆಯನ್ನು ಜನರೇ ನಿಂತು ಅದೇ ತಿಂಗಳಲ್ಲಿ ನಡೆಸಿಕೊಟ್ಟರು. ಅಂಥ ಹೊತ್ತಿನಲ್ಲಿ ಮೊದಲು ಅನ್ನ, ಸೂರು. ನಗೆ ತಾನಾಗಿ ಬರುವವರೆಗೆ ಕಾಯಬೇಕು. 2020ರ ಲಾಕ್‌ಡೌನಿನಲ್ಲಿ ಅದು ಬೇಗ ಬಂತು. ಮೇ ತಿಂಗಳಲ್ಲಿ ಮದುವೆಗೆ 50 ಜನ ಮಾತ್ರ ಎಂದಾಗ ಸಾವಿರ ಕರೆಯೋಲೆ ಅಚ್ಚು ಹಾಕಿಸಿದ್ದವರು ಅಡಿಕೆ ಎಣಿಸಿದಂತೆ ನೆಂಟರನ್ನು ಎಣಿಸಿದರು. ಮದುಮಕ್ಕಳು ಆ ಐವತ್ತರಲ್ಲಿ ಸೇರಿದರೋ ಇಲ್ಲವೋ ಎಂಬ ಚರ್ಚೆ ಹಲವು ಜಗಲಿಗಳಲ್ಲಿ ನಡೆದಿರಬೇಕು.

ಬೆಳೆಗಾರ ಬಂಧುಗಳಲ್ಲಿ ಒಂದು ಸೂಚನೆ. ಕೊಳೆರೋಗ ಬಂದ ಮೇಲೆ ಮದ್ದು ಹುಡುಕದೆ, ಮುಂಗಾರಿಗೆ ಮೊದಲೇ ಅಡಿಕೆ ಗೊನೆಗೆ ಬೋರ್ಡೋ ಹೊಡೆಯುವವರು ನಾವು. ಮದುವೆಗೂ ಅಂಥದೊಂದು ಮುಂಜಾಗ್ರತೆ ಇರಲಿ. ಗೋದಾಮಿನ ಅರ್ಧ ಖಾಲಿ ಮಾಡಿಡಿ, ಸೌದೆಯನ್ನು ಮಾಡಿನ ಕೆಳಗೆ ಸೇರಿಸಿ, ನಾಲ್ಕು ಟಾರ್ಪಾಲು ಯಾರ ಮನೆಯಲ್ಲಿವೆ ಎಂದು ಕೇಳಿಟ್ಟುಕೊಳ್ಳಿ. ಗಾಡಿ ಕೊಡುವ ನೆರೆಯವರಿಗೂ ಮೊದಲೇ ಹೇಳಿಡಿ. ಸಾಧ್ಯವಾದರೆ ಗೊಬ್ಬರ ಸಾಗಿಸುವುದನ್ನು ಒಂದು ವಾರ ಮುಂಚೆಯೇ ಮುಗಿಸಲು ತಿಳಿಸಿ.