ಹಂದಿಯ ಕಣ್ಣು ಹೊಳೆಯೋದಿಲ್ಲ

ನಮ್ಮ ಮೆಟ್ರಿ ಸುತ್ತಿನ ಮಳೆ ಹೊಲಗಳಲ್ಲಿ ಶೇಂಗಾ ಕಾಯಿ ಕಟ್ಟಿತು, ಮೆಕ್ಕೆಜೋಳ ಹಾಲು ತುಂಬಿತು ಅಂದ್ರೆ ರಾತ್ರಿ ಕಾವಲು ಶುರು. ಹಂದಿ ಹಿಂಡು ಒಂದು ತಾಸು ಹೊಕ್ಕರೆ ಮೂರು ತಿಂಗಳ ದುಡಿಮೆ ಮಣ್ಣುಪಾಲು. ಆದರೆ ಬರೋದು ಹಂದಿ ಒಂದೇ ಅಲ್ಲ. ದರೋಜಿ ಗುಡ್ಡ ನಮಗೆ ಹತ್ತಿರ. 1994ರಲ್ಲಿ ಅಲ್ಲಿ ಕರಡಿಧಾಮ ಆಯ್ತು. ಕತ್ತಲಲ್ಲಿ ಸಪ್ಪಳ ಆದಾಗ ಅದು ಹಂದಿಯೋ ಕರಡಿಯೋ ಅನ್ನೋದು ಜೀವದ ಪ್ರಶ್ನೆ.

ಅಮೆರಿಕದ ಲೂಯಿಸಿಯಾನದ ಜೌಗು ಭೂಮಿಯಲ್ಲಿ ನ್ಯೂಟ್ರಿಯಾ ಅನ್ನೋ ದೊಡ್ಡ ಹೆಗ್ಗಣದಂಥ ಪ್ರಾಣಿಯನ್ನು ಕತ್ತಲಲ್ಲಿ ಕಾಣೋ ದುರ್ಬೀನು ಹಾಕ್ಕೊಂಡು ಹೊಡೀತಾರೆ. 2002ರಿಂದ ಅಲ್ಲಿ ಬಾಲ ಲೆಕ್ಕದಲ್ಲಿ ಸರ್ಕಾರದ ಹಣವೂ ಉಂಟು. ಆ ಲೆಕ್ಕ ನಮಗೆ ಕೂಡೋದಿಲ್ಲ. 1972ರ ವನ್ಯಜೀವಿ ಕಾಯ್ದೆ ಪ್ರಕಾರ ಪರವಾನಿಗೆ ಇಲ್ಲದೆ ಹಂದಿಯನ್ನೂ ಕೊಲ್ಲುವಂತಿಲ್ಲ; ಕರಡಿಯಂತೂ ಮೊದಲ ಪಟ್ಟಿಯ ಪ್ರಾಣಿ. ಉರುಳು ಹಾಕಿದರೆ ಹಂದಿಯೇ ಬೀಳಬೇಕು ಅಂತಿಲ್ಲ, ಕರಡಿ, ಚಿರತೆ, ಪಕ್ಕದ ಮನೆ ನಾಯಿ ಯಾವುದೂ ಬೀಳಬಹುದು. ನಮಗೆ ಬೇಕಾದ್ದು ನೋಡಿ ಗುರುತಿಸಿ ಓಡಿಸೋ ಉಪಾಯ. ಅದಕ್ಕೆ ಹಣೆಗೆ ಕಟ್ಟೋ ಬ್ಯಾಟರಿ ಸಾಕು.

ಬ್ಯಾಟರಿಯನ್ನು ಸೊಂಟದ ಮಟ್ಟಕ್ಕೆ ಹಿಡಿದರೆ ಪ್ರಾಣಿಯ ಕಣ್ಣಿನ ಹೊಳಪು ಸರಿಯಾಗಿ ಕಾಣೋದಿಲ್ಲ. ಬೆಳಕು ನಮ್ಮ ಕಣ್ಣಿನ ಪಕ್ಕದಿಂದಲೇ ಹೋಗಬೇಕು. ದನ, ಕುರಿ, ನಾಯಿ, ನರಿ, ಚಿರತೆ, ಕರಡಿ ಇವುಗಳ ಕಣ್ಣೊಳಗೆ ಕನ್ನಡಿಯಂಥ ಒಂದು ಪದರ ಇರುತ್ತೆ. ಅದು ಬೆಳಕನ್ನು ಬಂದ ದಾರಿಗೇ ತಿರುಗಿಸಿ ಕಳಿಸುತ್ತೆ. ಹಂದಿಗೆ ಆ ಪದರ ಇಲ್ಲ! ಹಾಗಾಗಿ ಮಿಣಮಿಣ ಹೊಳೆದ ಕಣ್ಣು ಹಂದಿಯದ್ದಲ್ಲ ಅಂತ ತಿಳೀರಿ, ಆ ಕಡೆ ಕಾಲಿಡಬೇಡಿ. ಏನೂ ಹೊಳೀಲಿಲ್ಲ ಅಂತ ಹೊಲ ಖಾಲಿ ಇದೆ ಅಂತಲೂ ಅಲ್ಲ. ತಲೆ ತಗ್ಗಿಸಿ ಗೆದ್ದಲು ಕೆದಕೋ ಕರಡಿಯೂ ಹೊಳೆಯೋದಿಲ್ಲ. ಕಿವಿಗೂ ಕೆಲಸ ಕೊಡಬೇಕು.

ನಮ್ಮ ಕಣ್ಣು ಕತ್ತಲಿಗೆ ಹೊಂದಿಕೊಳ್ಳೋಕೆ ಅರ್ಧ ತಾಸು ಬೇಕು. ಬಿಳಿ ಬೆಳಕು ಒಮ್ಮೆ ಕಣ್ಣಿಗೆ ಹೊಡೆದರೆ ಮತ್ತೆ ಮೊದಲಿಂದ. ಅಟ್ಟಣಿಗೆ ಮೇಲೆ ಕೂತಾಗ ನಾನು ಬ್ಯಾಟರಿ ಗಾಜಿಗೆ ಕೆಂಪು ಜಿಲೇಟಿನ್ ಕಾಗದ ಸುತ್ತತೀನಿ. ಹಂದಿಗೂ ಕೆಂಪು ಅಷ್ಟಾಗಿ ಕಾಣೋದಿಲ್ಲ. ಹಿಂಡು ಬದು ದಾಟಿದ್ದು ಗೊತ್ತಾದ ಮೇಲೆ ಕಾಗದ ತೆಗೆದು ಬಿಳಿ ಬೆಳಕು, ಜೊತೆಗೆ ಡಬ್ಬಿ ಬಡಿತ.

ಹೊಲಕ್ಕೆ ನಡೆಯುವಾಗ ಮಾತಾಡುತ್ತಲೇ ಹೋಗಬೇಕು. ಕರಡಿ ಮನುಷ್ಯನನ್ನು ಹುಡುಕಿಕೊಂಡು ಬರೋದಿಲ್ಲ, ಎದುರಿಗೆ ಫಕ್ಕನೆ ಕಂಡರೆ ಮೇಲೆ ಬೀಳುತ್ತೆ.

ಬೆಳಗಿನ ಜಾವ ಬ್ಯಾಟರಿಯನ್ನು ನೆಲಕ್ಕೆ ಒರಗಿಸಿ ಅಡ್ಡಡ್ಡ ಬೆಳಕು ಬಿಡಿ. ಹೆಜ್ಜೆಯ ನೆರಳು ಎದ್ದು ಕಾಣುತ್ತೆ: ಸೀಳು ಗೊರಸಾದರೆ ಹಂದಿ, ಮನುಷ್ಯನ ಪಾದದಂತಿದ್ದು ಮುಂದೆ ಉದ್ದ ಉಗುರಿನ ಗುರುತಿದ್ದರೆ ಕರಡಿ. ಬೆಳೆ ಹಾಳಾಗಿದ್ದರೆ ಆ ಹೆಜ್ಜೆಯನ್ನು ಫೋಟೋ ತೆಗೆದು, ಪಹಣಿ ಜೊತೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡಿ. ಬಿಸಿಲೇರಿ ಗಾಳಿ ಬೀಸಿದರೆ ಆ ಗುರುತು ಉಳಿಯೋದಿಲ್ಲ.